ಪೊಲೀಸ್ ಜೀಪು ಎಲ್ಲೆಲ್ಲಿ ಓಡಾಡಿತು? ಲಾಗ್ ಬುಕ್ ಕೇಳಿ ನೋಡುವುದು ಹೀಗೆ

ಭಾನುವಾರ ಮಧ್ಯಾಹ್ನ. ಕಲ್ಯಾಣ ಮಂಟಪದ ಮುಂದೆ ಪೊಲೀಸ್ ಜೀಪು ನಿಂತಿದೆ. ಇಂಥದ್ದು ಕಂಡ ಕೂಡಲೇ ವಿಡಿಯೊ ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿಬಿಡುತ್ತೇವೆ. ಆದರೆ ಆ ಮದುವೆಗೆ ಮಂತ್ರಿಗಳು ಬರುವವರಿದ್ದು, ಜೀಪು ಬಂದೋಬಸ್ತಿಗೆ ಬಂದಿರಬಹುದು ಅಲ್ವಾ? ಸಾಹೇಬರ ಮನೆಯವರನ್ನು ಊಟಕ್ಕೆ ಬಿಡಲು ಬಂದಿರಲೂಬಹುದು. ಯಾವುದು ನಿಜ ಅಂತ ವಿಡಿಯೊದಲ್ಲಿ ತಿಳಿಯುವುದಿಲ್ಲ. ತಿಳಿಯಬೇಕಾದರೆ ಲಾಗ್ ಬುಕ್, ಅಂದರೆ ಗಾಡಿ ಎಲ್ಲಿಗೆ, ಯಾಕೆ ಹೋಯಿತು ಅಂತ ಬರೆದಿಡುವ ಪುಸ್ತಕ ನೋಡಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ ಅದನ್ನು ಕೇಳುವ ಹಕ್ಕು ನಿಮಗೆ 2005ರಿಂದ ಇದೆ.

ಮೊದಲು ಒಂದು ಮಾತು. ಅಧಿಕಾರಿ ಇಲಾಖೆಯ ಗಾಡಿಯಲ್ಲಿ ಮನೆಯಿಂದ ಕಚೇರಿಗೆ ಬಂದರು ಅನ್ನುವುದೇ ತಪ್ಪಾಗುವುದಿಲ್ಲ. ಸಂಸ್ಥೆ ಕೊಟ್ಟ ಗಾಡಿಯಲ್ಲಿ ಮನೆ–ಕಚೇರಿ ಓಡಾಡುವುದನ್ನು ಆದಾಯ ತೆರಿಗೆ ಕಾನೂನು ಕೂಡ ಸ್ವಂತ ಲಾಭ ಅಂತ ಲೆಕ್ಕ ಹಾಕಿಲ್ಲ. ಮಕ್ಕಳನ್ನು ಸ್ಕೂಲಿಗೆ ಬಿಡುವುದು, ಮನೆಯವರ ಶಾಪಿಂಗು, ಕುಟುಂಬದ ಜತೆ ದೇವಸ್ಥಾನಕ್ಕೆ ಹೋಗುವುದು ಬೇರೆ ಮಾತು. ಕೇಂದ್ರ ಸರ್ಕಾರದ ಸ್ಟಾಫ್ ಕಾರ್ ನಿಯಮಗಳಲ್ಲಿ ದುಡ್ಡು ಕಟ್ಟಿ ಖಾಸಗಿ ಪ್ರಯಾಣ ಮಾಡುವ ಅವಕಾಶ ಉಂಟು. ಹಾಗೆ ಕಟ್ಟಿದರೆ ರಸೀದಿ ಇರಲೇಬೇಕು. ಈ ರಸೀದಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಕೆಲಸ: ನಂಬರ್, ದಿನ, ಹೊತ್ತು

ಗಾಡಿಯ ನಂಬರ್ ಪೂರ್ತಿ ಬರೆದುಕೊಳ್ಳಿ. ಕರ್ನಾಟಕದಲ್ಲಿ ಸರ್ಕಾರಿ ಗಾಡಿಗಳ ನಂಬರಿನಲ್ಲಿ ಸಾಮಾನ್ಯವಾಗಿ 'ಜಿ' ಅಕ್ಷರ ಇರುತ್ತದೆ. ತಾರೀಖು, ಹೊತ್ತು, ಜಾಗ ಗುರುತು ಮಾಡಿ. ಒಂದು ಸಲ ಕಂಡದ್ದಕ್ಕೆ ಅರ್ಜಿ ಹಾಕಬೇಡಿ. ನಾಲ್ಕೈದು ಸಲ ಕಂಡರೆ ಹಾಕಿ.

ಅರ್ಜಿ ಬರೆಯುವುದು

ಜಿಲ್ಲೆಯ ಠಾಣೆಯ ಜೀಪಾದರೆ ಎಸ್ಪಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರವಾದರೆ ಪೊಲೀಸ್ ಕಮಿಷನರ್ ಕಚೇರಿಗೆ. ತಪ್ಪು ಕಚೇರಿಗೆ ಹೋದರೂ ಹೆದರಬೇಕಿಲ್ಲ. 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರದೇ ಕೆಲಸ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ ಇರಬೇಕು. ಯಾಕೆ ಬೇಕು ಅಂತ ಕಾರಣ ಕೊಡಬೇಕಿಲ್ಲ.

ಹೀಗೆ ಬರೆಯಬಹುದು: "ಈ ನಂಬರಿನ ಇಲಾಖಾ ವಾಹನದ ಇಂಥ ತಿಂಗಳ ಲಾಗ್ ಬುಕ್ ಪುಟಗಳ ದೃಢೀಕೃತ ನಕಲು ಕೊಡಿ. ಅದೇ ತಿಂಗಳು ಈ ವಾಹನಕ್ಕೆ ತುಂಬಿಸಿದ ಇಂಧನದ ವಿವರ ಕೊಡಿ. ಖಾಸಗಿ ಬಳಕೆಗೆ ಯಾರಾದರೂ ಹಣ ಕಟ್ಟಿದ್ದರೆ ರಸೀದಿಯ ನಕಲು ಕೊಡಿ."

ಇದರಲ್ಲಿ ಅಧಿಕಾರಿಯ ಹೆಸರಿಲ್ಲ, ಗಮನಿಸಿ. ವ್ಯಕ್ತಿಯ ಬಗ್ಗೆ ಕೇಳಿದರೆ "ವೈಯಕ್ತಿಕ ಮಾಹಿತಿ" ಅಂತ ಬಾಗಿಲು ಹಾಕುವುದು ಸುಲಭ. ಗಾಡಿಯ ಬಗ್ಗೆ ಕೇಳಿ. ಅದು ನಮ್ಮ ತೆರಿಗೆ ದುಡ್ಡಿನ ಗಾಡಿ.

ನಕಲಿಗೆ ಪುಟಕ್ಕೆ 2 ರೂಪಾಯಿ. ಪುಟ ಜಾಸ್ತಿ ಇದ್ದರೆ ಕಚೇರಿಗೇ ಹೋಗಿ ರಿಜಿಸ್ಟರ್ ನೋಡಿ ಟಿಪ್ಪಣಿ ಮಾಡಿಕೊಳ್ಳಲು ಅವಕಾಶ ಕೇಳಿ. ಸಾಧ್ಯವಾದರೆ ಹೋಗಿಯೇ ನೋಡಿ ಅನ್ನುತ್ತೇನೆ. ನಾನು ಒಂದು ಕಚೇರಿಯಲ್ಲಿ ಹೀಗೆ ಕೂತು ನೋಡಿದ್ದೆ. ಇಡೀ ತಿಂಗಳ ಪುಟಗಳು ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಕೈಯಲ್ಲಿ, ಒಂದೇ ಓಟದಲ್ಲಿ ಬರೆದಂತಿದ್ದವು. ದಿನಾ ಬರೆದ ಪುಸ್ತಕದಲ್ಲಿ ಇಂಕು ಬದಲಾಗುತ್ತದೆ, ಚಹಾ ಕಲೆ ಇರುತ್ತದೆ, ಅಕ್ಷರ ಒಮ್ಮೆ ದೊಡ್ಡದು ಒಮ್ಮೆ ಸಣ್ಣದು ಆಗುತ್ತದೆ. ಜೆರಾಕ್ಸಿನಲ್ಲಿ ಇದೆಲ್ಲ ಕಾಣುವುದಿಲ್ಲ.

ಲಾಗ್ ಬುಕ್ ಓದುವುದು

ಪುಟದಲ್ಲಿ ಸಾಮಾನ್ಯವಾಗಿ ತಾರೀಖು, ಎಲ್ಲಿಂದ ಎಲ್ಲಿಗೆ, ಹೊರಟಾಗಿನ ಮೀಟರ್, ಬಂದಾಗಿನ ಮೀಟರ್, ಒಟ್ಟು ಕಿಲೋಮೀಟರ್, ಏನು ಕೆಲಸ, ಗಾಡಿ ಬಳಸಿದವರ ಸಹಿ ಇರುತ್ತವೆ. ಮೊದಲು ನೋಡಬೇಕಾದದ್ದು ಮೀಟರ್. ಸೋಮವಾರ ರಾತ್ರಿ 42,398ಕ್ಕೆ ನಿಂತ ಗಾಡಿ ಮಂಗಳವಾರ ಬೆಳಿಗ್ಗೆ 42,398ರಿಂದಲೇ ಹೊರಡಬೇಕು. 42,431 ಅಂತಿದ್ದರೆ ನಡುವಿನ 33 ಕಿಲೋಮೀಟರ್ ಎಲ್ಲಿ ಹೋಯಿತು ಅಂತ ಕೇಳಬಹುದು.

ಆಮೇಲೆ ದೂರ. ಎರಡು ಊರಿನ ನಡುವೆ 18 ಕಿಲೋಮೀಟರ್ ಇದ್ದು ಪುಸ್ತಕದಲ್ಲಿ 60 ಇದ್ದರೆ ಗುರುತು ಹಾಕಿ. ಆದರೆ ದುಡುಕಬೇಡಿ. ರಾತ್ರಿ ಗಸ್ತಿನ ಜೀಪು ಅದೇ ರಸ್ತೆಯಲ್ಲಿ ನಾಲ್ಕು ಸುತ್ತು ಹೊಡೆಯುತ್ತದೆ. "ರೌಂಡ್ಸ್" ಅಂತ ಒಂದೇ ಪದ ಬರೆಯುವ ದಿನ ಎಲ್ಲಾ ಠಾಣೆಯಲ್ಲೂ ಇರುತ್ತದೆ. ತಿಂಗಳಿಡೀ ಬರೀ "ರೌಂಡ್ಸ್" ಇದ್ದರೆ, ನೀವು ಜೀಪು ಕಂಡ ದಿನವೂ ಅದೇ ಪದ ಇದ್ದರೆ, ಆಗ ನಿಮ್ಮ ಪಟ್ಟಿ ತೆಗೆದು ಪಕ್ಕದಲ್ಲಿಟ್ಟು ನೋಡಿ. ಕೊನೆಗೆ ಇಂಧನ. ಓಡಿದ ದೂರಕ್ಕೂ ತುಂಬಿಸಿದ ಲೀಟರಿಗೂ ತಾಳೆ ಆಗಬೇಕು.

ಕೊಡುವುದಿಲ್ಲ ಅಂದರೆ

ಉತ್ತರಕ್ಕೆ 30 ದಿನದ ಗಡುವಿದೆ. "ತನಿಖೆಗೆ ಅಡ್ಡಿಯಾಗುತ್ತದೆ" ಅನ್ನುವುದು ಬರಬಹುದಾದ ಕಾರಣ. ಅದಕ್ಕೇ ಕೆಲವು ತಿಂಗಳ ಹಿಂದಿನ ಪುಟಗಳನ್ನು ಕೇಳುವುದು ಒಳ್ಳೆಯದು. ಗುಟ್ಟಿನ ಸಾಲು ಏನಾದರೂ ಇದ್ದರೆ ಅದಷ್ಟನ್ನು ಮುಚ್ಚಿ ಉಳಿದದ್ದು ಕೊಡಿ ಅಂತ ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಂ ಹೇಳುತ್ತದೆ. ಆದರೂ ಒಪ್ಪದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು.

ದೂರು

ಪುಟಗಳು ಕೈಗೆ ಬಂದು ತಪ್ಪು ಕಂಡರೆ ಮೊದಲು ಎಸ್ಪಿ ಅಥವಾ ಕಮಿಷನರ್‌ಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಕೈಗೊಪ್ಪಿಸಿದ ಆಸ್ತಿಯನ್ನು ಸರ್ಕಾರಿ ನೌಕರ ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಳ್ಳುವುದು 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 13ನೇ ಕಲಂ ಪ್ರಕಾರ ಅಪರಾಧ. ಲೋಕಾಯುಕ್ತಕ್ಕೂ ಹೋಗಬಹುದು. ಅಲ್ಲಿ ದೂರಿನ ಜತೆ ಅಫಿಡವಿಟ್ ಬೇಕು, ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ಹಾಗಾಗಿ ಪುಸ್ತಕದಲ್ಲಿ ಕಂಡದ್ದನ್ನು, ನೀವೇ ನೋಡಿದ್ದನ್ನು ಬಿಟ್ಟು ಬೇರೇನೂ ಸೇರಿಸಬೇಡಿ.

ಡ್ರೈವರ್ ಕಾನ್‌ಸ್ಟೇಬಲ್ ಹೆಸರನ್ನು ಆರೋಪದಲ್ಲಿ ಎಳೆದು ತರಬೇಡಿ. ಹೋಗು ಅಂದ ಕಡೆ ಹೋಗುವುದು ಅವರ ಡ್ಯೂಟಿ, ಮೇಲಿನವರಿಗೆ ಆಗಲ್ಲ ಅನ್ನುವುದು ಅವರಿಗೆ ಕಷ್ಟ. ಕೊನೆಯ ಕಾಲಮ್ಮಿನಲ್ಲಿ ಸಹಿ ಹಾಕಿದವರ ಹುದ್ದೆ, ತಾರೀಖು, ಮೀಟರ್ ಅಂಕಿ, ಇಷ್ಟೇ ಬರೆಯಿರಿ.