ಕವರ್ 2, ಕವರ್ 3, ಕವರ್ 4: ಝೋನ್ ರಕ್ಷಣೆಯನ್ನು ಗುರುತಿಸುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನ ಝೋನ್ ಪದ್ಧತಿಯಲ್ಲಿ ರಕ್ಷಕನು ಒಬ್ಬ ರಿಸೀವರ್‌ನ (ಪಾಸ್ ಹಿಡಿಯಲು ಓಡುವ ಎದುರಾಳಿಯ) ಬೆನ್ನು ಹತ್ತದೆ, ತನಗೆ ವಹಿಸಿದ ಜಾಗವನ್ನು ಕಾಯುತ್ತಾನೆ. 11 ಮಂದಿಯಲ್ಲಿ ಸಾಮಾನ್ಯವಾಗಿ ನಾಲ್ವರು ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುವುದರಿಂದ, 53 ಗಜಕ್ಕೂ ತುಸು ಹೆಚ್ಚು ಅಗಲದ ಮೈದಾನವನ್ನು ಕಾಯಲು ಉಳಿಯುವವರು ಏಳೇ ಮಂದಿ. ಎಲ್ಲೋ ಒಂದು ಕಡೆ ಜಾಗ ತೆರವಾಗಲೇಬೇಕು. ಆ ತೆರವು ಎಲ್ಲಿ ಎಂಬುದರಲ್ಲೇ ಈ ವ್ಯೂಹಗಳ ನಡುವಿನ ವ್ಯತ್ಯಾಸವಿದೆ. ಕವರ್ ಎಂಬ ಹೆಸರಿನ ಜೊತೆಗಿರುವ ಅಂಕಿಯು ಆಳದ ಭಾಗವನ್ನು, ಅಂದರೆ ರಕ್ಷಣೆಯ ಹಿಂಬದಿಯ ಜಾಗವನ್ನು, ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದನ್ನು ಸೂಚಿಸುತ್ತದೆ.

ಮೊದಲಿಗೆ, ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಆರಂಭಿಸುವ ಕ್ಷಣಕ್ಕೆ) ಮುನ್ನ ಎಲ್ಲರಿಗಿಂತ ಹಿಂದೆ ನಿಂತಿರುವ ಸೇಫ್ಟಿಗಳನ್ನು ಎಣಿಸಿ. ನಡುವೆ ಒಬ್ಬನೇ ಇದ್ದರೆ ಕವರ್ 3 ಇರಬಹುದು. ಇಬ್ಬರಿದ್ದರೆ ಕವರ್ 2 ಅಥವಾ ಕವರ್ 4. ಟಿವಿ ಚೌಕಟ್ಟಿನಲ್ಲಿ ಇವರು ಹಲವು ಸಲ ಕಾಣುವುದೇ ಇಲ್ಲ, ಆಗ ಹಿಂಬದಿಯಿಂದ ತೆಗೆದ ಮರುಪ್ರಸಾರಕ್ಕೆ ಕಾಯಬೇಕು.

ಎರಡನೆಯದಾಗಿ, ಅಂಚಿನಲ್ಲಿರುವ ಕಾರ್ನರ್‌ಬ್ಯಾಕ್‌ಗಳನ್ನು ಗಮನಿಸಿ. ಅವರು ರಿಸೀವರ್‌ಗೆ ಹತ್ತಿರ ನಿಂತು, ಸ್ನ್ಯಾಪ್ ಆದ ಮೇಲೂ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಕಣ್ಣಿಟ್ಟು ಅಲ್ಲೇ ಉಳಿದರೆ ಅದು ಬಹುಮಟ್ಟಿಗೆ ಕವರ್ 2. ಇಲ್ಲಿ ಇಬ್ಬರು ಸೇಫ್ಟಿಗಳು ಆಳವನ್ನು ಅರ್ಧರ್ಧ ಕಾಯುತ್ತಾರೆ, ಐವರು ಮುಂದಿರುತ್ತಾರೆ; ಅಂಚುಗೆರೆಯ ಬಳಿ ಕಾರ್ನರ್‌ನ ಹಿಂದೆ ಹಾಗೂ ಸೇಫ್ಟಿಯ ಮುಂದೆ ಒಂದು ಕಿಂಡಿ ಉಳಿಯುತ್ತದೆ, ಇಬ್ಬರು ಸೇಫ್ಟಿಗಳ ನಡುವೆ ಇನ್ನೊಂದು. ಈ ಎರಡನೆಯದನ್ನು ಮುಚ್ಚಲೆಂದು ನುಗ್ಗುವ ಸಾಲಿನ ಹಿಂದೆ ನಿಲ್ಲುವ ನಡುವಿನ ಲೈನ್‌ಬ್ಯಾಕರ್‌ನನ್ನು ಆಳಕ್ಕೆ ಓಡಿಸುವ ರೂಪವೇ ಟ್ಯಾಂಪಾ 2. ತರಬೇತುದಾರರಾದ ಟೋನಿ ಡಂಜಿ ಮತ್ತು ಮಾಂಟಿ ಕಿಫಿನ್ 1996ರಿಂದ ಟ್ಯಾಂಪಾ ಬೇ ಬಕನೀರ್ಸ್ ತಂಡದಲ್ಲಿ ಇದನ್ನು ಪ್ರಸಿದ್ಧಗೊಳಿಸಿದರು; ಡಂಜಿ ಆಟಗಾರರಾಗಿದ್ದ 1970ರ ದಶಕದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದಲ್ಲೇ ಅದರ ಬೇರು ಇದೆ. 2003ರ ಜನವರಿಯ ಸೂಪರ್ ಬೌಲ್‌ನಲ್ಲಿ (ಋತುವಿನ ಅಂತಿಮ ಪಂದ್ಯದಲ್ಲಿ) ಬಕನೀರ್ಸ್ ರಕ್ಷಕರು ರೇಡರ್ಸ್ ತಂಡದ ಐದು ಪಾಸ್‌ಗಳನ್ನು ಕಸಿದು, ಮೂರನ್ನು ನೇರವಾಗಿ ಟಚ್‌ಡೌನ್‌ಗೆ ಒಯ್ದರು. ಚೆಂಡು ಬರುವ ದಾರಿಗೇ ಮುಖಮಾಡಿ ನಿಲ್ಲುವ ರಕ್ಷಣೆ ಎಷ್ಟು ಸುಂದರ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ.

ಕಾರ್ನರ್‌ಗಳು ಸ್ನ್ಯಾಪ್ ಆದೊಡನೆ ಹಿಂದಕ್ಕೆ ಸರಿದು, ಒಬ್ಬ ಸೇಫ್ಟಿ ನಟ್ಟನಡುವೆ ನಿಂತರೆ ಅದು ಕವರ್ 3. ಇನ್ನೊಬ್ಬ ಸೇಫ್ಟಿ ಮುಂದೆ ಬರುವುದರಿಂದ ಓಟದಾಟವನ್ನು (ಪಾಸ್ ಎಸೆಯದೆ ಚೆಂಡು ಹಿಡಿದು ಓಡುವುದನ್ನು) ತಡೆಯಲು ಅನುಕೂಲ. ತರಬೇತುದಾರ ಪೀಟ್ ಕ್ಯಾರಲ್ ಅವರ ಸಿಯಾಟಲ್ ಸೀಹಾಕ್ಸ್ ಇದನ್ನೇ ಮುಖ್ಯ ವ್ಯೂಹವಾಗಿಸಿಕೊಂಡು, 2014ರ ಫೆಬ್ರವರಿಯ ಸೂಪರ್ ಬೌಲ್ ಅನ್ನು 43–8ರಿಂದ ಗೆದ್ದಿತು. ನಾಲ್ವರು ರಿಸೀವರ್‌ಗಳು ಏಕಕಾಲಕ್ಕೆ ನೇರವಾಗಿ ಆಳಕ್ಕೆ ಓಡಿದಾಗ ಮೂವರೇ ಇರುವ ಈ ವ್ಯೂಹಕ್ಕೆ ಕಷ್ಟವಾಗುತ್ತದೆ, ನಡುವಿನ ಒಬ್ಬ ಸೇಫ್ಟಿ ಇಬ್ಬರ ನಡುವೆ ಆಯ್ದುಕೊಳ್ಳಬೇಕಾಗುತ್ತದೆ.

ಕವರ್ 4ರಲ್ಲಿ ಆ ತೊಂದರೆಯಿಲ್ಲ: ಇಬ್ಬರು ಕಾರ್ನರ್‌ಗಳೂ ಹಿಂದಕ್ಕೆ ಸರಿದು ಇಬ್ಬರು ಸೇಫ್ಟಿಗಳ ಜೊತೆ ಸೇರುವುದರಿಂದ ಆಳದಲ್ಲಿ ನಾಲ್ವರಿದ್ದಾರೆ. ಆದರೆ ಮುಂದೆ ಮೂವರೇ ಉಳಿಯುವುದರಿಂದ ಅಂಚಿನ ಚಿಕ್ಕ ಪಾಸ್‌ಗಳು ಸುಲಭವಾಗಿ ಸಿಗುತ್ತವೆ.

ಕೊನೆಯದಾಗಿ, ಸ್ನ್ಯಾಪ್ ಆದ ಕ್ಷಣದಲ್ಲಿ ಸೇಫ್ಟಿಗಳ ಮೊದಲ ಎರಡು ಹೆಜ್ಜೆಗಳನ್ನು ನೋಡಿ. ಇಬ್ಬರನ್ನು ಆಳದಲ್ಲಿ ತೋರಿಸಿ, ಒಬ್ಬನನ್ನು ಥಟ್ಟನೆ ಮುಂದಕ್ಕಿಳಿಸಿ ಕವರ್ 3 ಆಡುವುದು ಇಂದಿನ ತಂಡಗಳಲ್ಲಿ ಸಾಮಾನ್ಯವಾದ್ದರಿಂದ, ಮೊದಲು ಮಾಡಿದ ಎಣಿಕೆಯನ್ನು ಆ ಹೆಜ್ಜೆಗಳನ್ನು ಕಂಡ ಮೇಲಷ್ಟೇ ಖಚಿತಪಡಿಸಿಕೊಳ್ಳಿ.