ಜೀವನಾಂಶದ ಬಾಕಿಗೆ ಸಂಬಳ ಜಪ್ತಿ: ನನ್ನ ಅನುಭವ

ಕಳೆದ ತಿಂಗಳು ಬೆಳಿಗ್ಗೆ ಹೊಲಿಗೆ ಮಿಷನ್ ಮುಂದೆ ಕೂತಿದ್ದಾಗ ಬ್ಯಾಂಕಿನ ಮೆಸೇಜ್ ಬಂತು. 12,000 ಜಮಾ. ಹೀಗೆ ಬಂದಿದ್ದು ಹದಿಮೂರನೇ ಸಲ. ಮಗನ ಅಪ್ಪ ತಾವಾಗಿ ಕೊಟ್ಟ ದುಡ್ಡಲ್ಲ ಇದು. ಸಂಬಳದಲ್ಲೇ ಹಿಡಿದು ನನ್ನ ಖಾತೆಗೆ ಹಾಕುತ್ತಾರೆ.

"125ರ ಆದೇಶಕ್ಕೆ ಸಂಬಳ ಜಪ್ತಿ ಆಗಲ್ಲಮ್ಮ, ವಾರಂಟ್ ಹಾಕಿಸ್ಕೊಂಡು ಕಾಯಿ" ಅಂತ ಮೂರು ಜನ ಲಾಯರ್‌ಗಳು ಹೇಳಿದ್ದರು. 125 ಅಂದರೆ ಹೆಂಡತಿ, ಮಕ್ಕಳಿಗೆ ಜೀವನಾಂಶ ಕೊಡಿಸುವ ಸಿಆರ್‌ಪಿಸಿ ಕಲಂ. ನನ್ನಣ್ಣನೂ ಅದನ್ನೇ ಹೇಳಿದ. ನಾನು ಮಾಡಿಸಿ ತೋರಿಸಿದೆ. ಇನ್ನೂ ವಾರಂಟ್ ಹಿಂದೆ ಓಡಾಡುತ್ತಿರುವ ಅಕ್ಕತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಿಸ್ ಪಿಟಿಷನ್ (ಕೋರ್ಟಿನಲ್ಲಿ ಜೀವನಾಂಶದ ಅರ್ಜಿಗೆ ಹೇಳುವ ಹೆಸರು) ಅಂದರೇನು, ಕೇಸಿನ ಡೇಟ್ ಹೇಗೆ ನೋಡಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರುತ್ತೆ. ಅದನ್ನೆಲ್ಲ ಬಿಟ್ಟು ಹೇಳುತ್ತೇನೆ.

ಜೀವನಾಂಶಕ್ಕೆ ಅರ್ಜಿ ಹಾಕಿದ್ದು 2020ರ ಕೊನೆಗೆ. ಆದೇಶ ಬಂದಿದ್ದು 2022ರ ಮಾರ್ಚ್‌ನಲ್ಲಿ. ತಿಂಗಳಿಗೆ ನನಗೆ 5,000, ಮಗನಿಗೆ 3,000, ಅದೂ ಅರ್ಜಿ ಹಾಕಿದ ದಿನದಿಂದ. ಮಗನ ಅಪ್ಪ ಮೊದಲು 20,000 ಕಟ್ಟಿದರು. ಆಮೇಲೆ ಒಂದು ರೂಪಾಯಿ ಇಲ್ಲ. ಆಗಿನ ಲಾಯರ್ "ಡೈವೋರ್ಸ್ ಕೇಸ್ ಮುಗೀಲಿ, ಒಟ್ಟಿಗೆ ವಸೂಲಿ ಮಾಡೋಣ" ಅಂದರು. ನಾನು ನಂಬಿದೆ. 2023ರಲ್ಲಿ ಡೈವೋರ್ಸ್ ಆಯಿತು. ಬಾಕಿಗೆ ಅರ್ಜಿ ಹಾಕುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಕೇಳದಿದ್ದರೆ ಅದಕ್ಕೆ ವಾರಂಟ್ ಸಿಗಲ್ಲ. ಜಡ್ಜ್ ಸಾಹೇಬರು ಹಿಂದಿನ ಹನ್ನೆರಡು ತಿಂಗಳದ್ದು, 96,000 ಮಾತ್ರ ಒಪ್ಪಿದರು. ಅದಕ್ಕೂ ಹಿಂದಿನದು, ಒಂದೂವರೆ ಲಕ್ಷದ ಮೇಲೆ, ಹೋಯಿತು. ಆಮೇಲೆ ಎಷ್ಟು ವಾದ ಮಾಡಿದರೂ ಅದು ವಾಪಸ್ ಬರಲಿಲ್ಲ. ಆ ದಿನ ಕೋರ್ಟ್ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಆ ಲಾಯರ್‌ಗೆ ಅಷ್ಟರಲ್ಲಿ ಸುಮಾರು 45,000 ಕೊಟ್ಟಿದ್ದೆ. ಆದೇಶದ ಕಾಪಿಗೂ ಅದರಲ್ಲಿ ದುಡ್ಡು ತೆಗೆದುಕೊಂಡಿದ್ದರು. ಜೀವನಾಂಶದ ಆದೇಶದ ಪ್ರತಿಯನ್ನು ಕೋರ್ಟೇ ಪುಕ್ಕಟೆ ಕೊಡಬೇಕು, ಅದು ಕಾನೂನಿನಲ್ಲೇ ಇದೆ.

ವಾರಂಟ್ ಕಥೆ ನಿಮಗೆ ಹೊಸದಲ್ಲ. ಎಫ್‌ಎಲ್‌ಡಬ್ಲ್ಯೂ (ಸಾಮಾನು ಜಪ್ತಿ ಮಾಡಿ ದುಡ್ಡು ವಸೂಲಿ ಮಾಡುವ ವಾರಂಟ್) ಹೋಯಿತು, "ಜಪ್ತಿ ಮಾಡಲು ಯಾವುದೇ ಚರಾಸ್ತಿ ಇಲ್ಲ" ಅಂತ ಬಂತು. ಎನ್‌ಬಿಡಬ್ಲ್ಯೂ (ಹಿಡಿದು ತರುವ ಜಾಮೀನುರಹಿತ ವಾರಂಟ್) ಹೋಯಿತು, "ಸದರಿ ವಿಳಾಸದಲ್ಲಿ ವಾಸವಿಲ್ಲ" ಅಂತ ಬಂತು. ಐದು ಸಲವೋ ಆರು ಸಲವೋ ಹೀಗೇ ಆಯಿತು. ಒಮ್ಮೆ ದೀಪಾವಳಿಗೆ ಊರಿಗೆ ಬಂದಾಗ ಸಿಕ್ಕಿಬಿದ್ದರು. ಅಲ್ಲೇ 30,000 ಕಟ್ಟಿ ಹೊರಗೆ ಬಂದರು. ಮತ್ತೆ ಮಾಯ. ಒಳಗೆ ಹಾಕಿಸಿದರೆ ಬುದ್ಧಿ ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಜೈಲಿಗೆ ಹೋದರೂ ಬಾಕಿ ಹಾಗೇ ಇರುತ್ತೆ, ನಿಜ. ಆದರೆ ಜೈಲಲ್ಲಿದ್ದವರು ದುಡಿಯೋದು ಯಾವಾಗ, ನಮಗೆ ಕೊಡೋದು ಯಾವಾಗ? ನನಗೆ ಬೇಕಿದ್ದಿದ್ದು ಮಗನ ಫೀಸು.

2023ರ ಡಿಸೆಂಬರ್‌ನಲ್ಲಿ ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾಯ್ದೆಯಲ್ಲಿದೆ. ಆದಾಯ ಪ್ರಮಾಣಪತ್ರ ತನ್ನಿ ಅಂದರೆ ಆ ಕಾಯ್ದೆಯ 12ನೇ ಕಲಂ ತೋರಿಸಿ. "ಫ್ರೀ ಲಾಯರ್ ಡೇಟಿಗೇ ಬರಲ್ಲ" ಅಂತ ಪಕ್ಕದ ಮನೆಯವರು ಹೇಳಿದ್ದರು. ಮೊದಲು ಕೊಟ್ಟವರ ವಿಷಯದಲ್ಲಿ ಅದು ನಿಜವೇ ಆಯಿತು. ಎರಡು ಡೇಟ್ ತಪ್ಪಿಸಿದರು. ನಾನು ಸುಮ್ನೆ ಕೂರಲಿಲ್ಲ. ಎರಡೂ ದಿನಾಂಕ ಬರೆದು, ಬೇರೆಯವರನ್ನು ಕೊಡಿ ಅಂತ ಅರ್ಜಿ ಕೊಟ್ಟೆ. ಮಾರ್ಚ್‌ನಲ್ಲಿ ಒಬ್ಬ ಮೇಡಂ ಸಿಕ್ಕರು. ವಯಸ್ಸು ಚಿಕ್ಕದು, ಓದು ಜಾಸ್ತಿ.

ನನ್ನ ಹತ್ತಿರ ಒಂದು ಉದ್ದ ನೋಟ್‌ಬುಕ್ ಇದೆ. ಎಡಗಡೆ ತಿಂಗಳು, ಮಧ್ಯದಲ್ಲಿ ಬರಬೇಕಾದ್ದು, ಬಲಗಡೆ ಬಂದಿದ್ದು. ಪ್ರತಿ ಡೇಟಿಗೂ ಒಂದು ಸಾಲು: ಯಾರು ಬಂದರು, ಏನು ಹೇಳಿದರು, ಬಸ್ಸಿಗೆ ಎಷ್ಟಾಯಿತು. ಮೇಡಂ ಅದನ್ನು ಅರ್ಧ ಗಂಟೆ ತಿರುವಿ ಹಾಕಿದರು. ಬಲಗಡೆಯ ಖಾಲಿ ಸಾಲುಗಳ ಮೇಲೆ ಬೆರಳಿಟ್ಟುಕೊಂಡೇ "ಇವರು ಎಲ್ಲಿ ಕೆಲಸ ಮಾಡ್ತಾರೆ ಅಂತ ತಂದುಕೊಡ್ತೀರಾ? ಉಳಿದಿದ್ದು ನಾನು ನೋಡ್ಕೋತೀನಿ" ಅಂದರು.

ಅವರು ಹಿಡಿದುಕೊಂಡಿದ್ದು ಸುಪ್ರೀಂ ಕೋರ್ಟಿನ 2020ರ ನವೆಂಬರ್‌ನ ರಜನೇಶ್ ವಿರುದ್ಧ ನೇಹಾ ತೀರ್ಪು. ಆಸ್ತಿ-ಆದಾಯದ ಅಫಿಡವಿಟ್‌ಗೆ ಎಲ್ಲರೂ ಅದನ್ನು ಹೇಳುತ್ತಾರೆ. ಜೀವನಾಂಶದ ಆದೇಶವನ್ನು ಸಿವಿಲ್ ಕೋರ್ಟಿನ ಹಣದ ಡಿಕ್ರಿಯ (ಇಷ್ಟು ದುಡ್ಡು ಕೊಡಬೇಕು ಅನ್ನುವ ತೀರ್ಪಿನ) ಹಾಗೆ ಜಾರಿ ಮಾಡಬಹುದು ಅಂತಲೂ ಅದೇ ತೀರ್ಪಿನ ಕೊನೆಯಲ್ಲಿದೆ. ಬಹಳ ಜನ ಅಲ್ಲಿಯವರೆಗೆ ಓದಲ್ಲ. ಡಿಕ್ರಿ ಅಂದಮೇಲೆ ಸಂಬಳ ಜಪ್ತಿಯ ದಾರಿ ತೆರೆಯಿತು. ಇನ್ನೊಂದು ವಿಷಯ, ಇದನ್ನು ಲಾಯರ್‌ಗಳೇ ತಲೆಕೆಳಗಾಗಿ ಹೇಳುವುದನ್ನು ಕೇಳಿದ್ದೇನೆ. ಬೇರೆ ಸಾಲಕ್ಕಾದರೆ ಸಂಬಳದ ಬಹುಪಾಲು ಮುಟ್ಟುವ ಹಾಗಿಲ್ಲ. ಜೀವನಾಂಶಕ್ಕೆ ಮಾತ್ರ ಮೂರರಲ್ಲಿ ಒಂದು ಪಾಲಿಗೆ ರಕ್ಷಣೆ, ಉಳಿದ ಎರಡು ಪಾಲು ಜಪ್ತಿಗೆ ಸಿಗುತ್ತೆ. ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ, ನೀವೇ ಓದಿ ನೋಡಿ.

ಕೆಲಸದ ಜಾಗ ಹುಡುಕೋದಕ್ಕೆ ನಾನು ಪಟ್ಟ ಪಾಡು ದೊಡ್ಡದು. ಕೋರ್ಟಿನಲ್ಲಿ ಅವರು ಕೊಟ್ಟ ಅಫಿಡವಿಟ್‌ನಲ್ಲಿ "ಕೂಲಿ, ತಿಂಗಳಿಗೆ 9,000" ಅಂತಿತ್ತು. ಪಿಎಫ್ ವಿವರ ಕೇಳಿ ಆರ್‌ಟಿಐ ಹಾಕಿದೆ. ವೈಯಕ್ತಿಕ ಮಾಹಿತಿ ಅಂತ ತಿರಸ್ಕರಿಸಿದರು. ಮೇಲ್ಮನವಿಗೂ ಅದೇ ಉತ್ತರ. ಮೂರು ತಿಂಗಳು ದಂಡ. ಕೊನೆಗೆ ಪೀಣ್ಯದ ಒಂದು ಫ್ಯಾಕ್ಟರಿ ಅಂತ ಗೊತ್ತಾಯಿತು, ಸಂಬಳ ಹತ್ತಿರ ಹತ್ತಿರ 28,000. ಹೇಗೆ ಗೊತ್ತಾಯಿತು ಅಂತ ಇಲ್ಲಿ ಬರೆಯಲ್ಲ. ಬರೆದರೆ ನಾಳೆ ಎಲ್ಲ ಗಂಡಸರೂ ಆ ಬಾಗಿಲು ಮುಚ್ಚಿಕೊಳ್ಳುತ್ತಾರೆ. ತಪ್ಪು ದಾರಿ ಏನೂ ಹಿಡಿಯಲಿಲ್ಲ, ಅಷ್ಟು ಹೇಳಬಲ್ಲೆ.

ಈ ನಡುವೆ ರಾಜಿ ಮಾಡಿಸುವ ಲೋಕ ಅದಾಲತ್‌ಗೂ ಹೋದೆ. ಎಲ್ಲ ಸೇರಿಸಿ ಒಂದೂವರೆ ಲಕ್ಷ, ಮುಂದೆ ಏನೂ ಕೇಳಬಾರದು ಅಂತ ಆ ಕಡೆಯವರು ಅಂದರು. ಮಗನಿಗೆ ಆಗ 13 ವರ್ಷ. ಅಲ್ಲಿ ಸಹಿ ಮಾಡಿದರೆ ಅಪೀಲಿಲ್ಲ. ಎದ್ದು ಬಂದೆ. ಅಣ್ಣ ಒಂದು ವಾರ ಮಾತಾಡಲಿಲ್ಲ.

2024ರ ಜೂನ್‌ನಲ್ಲಿ ಸಂಬಳ ಜಪ್ತಿಗೆ ಅರ್ಜಿ ಹಾಕಿದೆವು. ಎದುರು ಲಾಯರ್ "ಡೈವೋರ್ಸ್ ಆಗಿದೆ, ಇನ್ನೆಲ್ಲಿಯ ಜೀವನಾಂಶ" ಅಂದರು. ಮರುಮದುವೆ ಆಗದ ತನಕ ಡೈವೋರ್ಸ್ ಆದವಳೂ 125ಕ್ಕೆ ಹೆಂಡತಿಯೇ. ಮೇಡಂ ಒಂದೇ ಸಾಲಲ್ಲಿ ಮುಗಿಸಿದರು. ಆಗಸ್ಟ್‌ನಲ್ಲಿ ಆದೇಶ ಬಂತು: ತಿಂಗಳಿಗೆ 12,000, ಅದರಲ್ಲಿ 8,000 ಆಯಾ ತಿಂಗಳದ್ದು, 4,000 ಬಾಕಿಗೆ.

ಗೆದ್ದೆ ಅಂದುಕೊಂಡೆ. ಫ್ಯಾಕ್ಟರಿಯಿಂದ "ಈ ಹೆಸರಿನ ನೌಕರರು ನಮ್ಮಲ್ಲಿ ಇಲ್ಲ" ಅಂತ ಪತ್ರ ಬಂತು! ಎದೆ ಒಡೆದ ಹಾಗಾಯಿತು. ಕೆಲಸ ಅಲ್ಲೇ ಮಾಡುತ್ತಿದ್ದರು, ಆದರೆ ಸಂಬಳ ಹಾಕುತ್ತಿದ್ದಿದ್ದು ಒಂದು ಮ್ಯಾನ್‌ಪವರ್ ಏಜೆನ್ಸಿ. ಆದೇಶ ಹೋಗಬೇಕಾದ್ದು ಸಂಬಳ ಕೊಡುವವರಿಗೆ. ಇದು ಮೊದಲೇ ಗೊತ್ತಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಏಜೆನ್ಸಿ ಹೆಸರಿಗೆ ಮತ್ತೆ ಆದೇಶ ಮಾಡಿಸಿ, ಅಮೀನರ (ಕೋರ್ಟಿನ ಆದೇಶ ಮುಟ್ಟಿಸುವವರ) ಜೊತೆ ಬಾಗಿಲ ತನಕ ನಾನೇ ಹೋದೆ. ಆದೇಶ ಮುಟ್ಟಿದ ಮೇಲೂ ಹಿಡಿಯದಿದ್ದರೆ ಆ ದುಡ್ಡಿಗೆ ಏಜೆನ್ಸಿಯೇ ಹೊಣೆ. ಅಲ್ಲಿನ ಅಕೌಂಟ್ಸ್ ಹುಡುಗ ಅದನ್ನು ಎರಡು ಸಲ ಓದಿ, ಸೀಲ್ ಒತ್ತಿ, "ಅಕ್ಕಾ, ನಿಮ್ಮ ಪಾಸ್‌ಬುಕ್ ಜೆರಾಕ್ಸ್ ಇದೆಯಾ?" ಅಂದ. ನಾಲ್ಕು ಕಾಪಿ ಇಟ್ಟುಕೊಂಡು ಹೋಗಿದ್ದೆ. ನವೆಂಬರ್‌ನಲ್ಲಿ ಮೊದಲ ದುಡ್ಡು ಬಂತು.

ಖರ್ಚು ಕೇಳುವವರಿಗೆ ಹೇಳುತ್ತೇನೆ. ಈ ಎರಡನೇ ಸುತ್ತಿನಲ್ಲಿ ವಕೀಲರ ಫೀಸು ಸೊನ್ನೆ. ಟೈಪಿಂಗ್, ಜೆರಾಕ್ಸ್, ಅಂಚೆಗೆ ಮೂರೂವರೆ ಸಾವಿರ ಇರಬಹುದು. ಬಸ್ಸು, ಹೋದ ದಿನದ ಹೊಲಿಗೆ ಕೂಲಿ ಸೇರಿದರೆ ಇನ್ನೊಂದು ಹನ್ನೆರಡು ಸಾವಿರ.

ಕೆಲಸ ಬಿಟ್ಟು ಹೋದರೆ ಏನು ಮಾಡ್ತೀಯ ಅಂತ ಅಣ್ಣ ಈಗಲೂ ಕೇಳುತ್ತಾನೆ. ಬಿಟ್ಟರೆ ಮತ್ತೆ ಹುಡುಕುತ್ತೇನೆ. ಒಂದೂಕಾಲು ಲಕ್ಷ ಬಾಕಿ ಇನ್ನೂ ಉಳಿದಿದೆ. ಈಗ ಕೋರ್ಟ್ ಕಾರಿಡಾರಿನಲ್ಲಿ ಹೆಣ್ಣುಮಕ್ಕಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮೊದಲು ಅವರ ಆದೇಶದ ತಾರೀಖು ಕೇಳುತ್ತೇನೆ, ವರ್ಷ ದಾಟಿದೆಯಾ ಅಂತ ಬೆರಳಲ್ಲಿ ಎಣಿಸುತ್ತೇನೆ.

ಮಗ ಬರುವ ವರ್ಷ ಹತ್ತನೇ ಕ್ಲಾಸು. 3,000 ಅವನ ಟ್ಯೂಷನ್‌ಗೂ ಸಾಲಲ್ಲ. ಮೊತ್ತ ಹೆಚ್ಚಿಸಿ ಅಂತ ಹೊಸ ಅರ್ಜಿ ಹಾಕಿದ್ದೇವೆ, ಈಗ ಅದಕ್ಕೆ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಕಾನೂನು) 146 ಅಂತ ಬರೆಯಬೇಕು. ಈ ಸಲ ಏಜೆನ್ಸಿಯ ಸಂಬಳದ ಪಟ್ಟಿಯನ್ನು ಜೊತೆಗೇ ಇಟ್ಟಿದ್ದೇನೆ. ಡೇಟ್ 18ಕ್ಕೆ ಇದೆ.