ಚಿತ್ರದ ಮೇಲೆ ಮೊಬೈಲ್ ಎಆರ್: ಪ್ರದರ್ಶನದ ದಿನ ಕೈಕೊಡದ ಹಾಗೆ ಸಜ್ಜು ಮಾಡುವುದು ಹೇಗೆ

ನೋಡುಗರು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋನನ್ನು ಚಿತ್ರದತ್ತ ಹಿಡಿಯಬೇಕು; ಮೊದಲ ಗೆರೆಯಿಂದ ಕೊನೆಯ ಬಣ್ಣದವರೆಗಿನ ಕೆಲಸವೆಲ್ಲ ಆ ಚಿತ್ರದ ಮೇಲೆಯೇ ಮೂಡಿಬರಬೇಕು. ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್, ಚಿತ್ರಕಲೆಗೆ ಒದಗುವ ಅತಿ ಸರಳ ರೂಪ ಇದು. ನೋಡುಗರು ಆ್ಯಪ್ ಇಳಿಸಿಕೊಳ್ಳಬೇಕಿಲ್ಲ, ಬ್ರೌಸರ್ ಸಾಕು. ಕೋಡ್ ಬರೆಯುವ ಕೆಲಸವೂ ಕಡಿಮೆ. ಹೆಚ್ಚಿನ ಪ್ರಯತ್ನಗಳು ಕೆಡುವುದು ತಪ್ಪು ಚಿತ್ರ ಆರಿಸಿದ್ದರಿಂದ, ಗಾಜಿನ ಹೊಳಪಿನಿಂದ, ಜನಸಂದಣಿಯಲ್ಲಿ ನೆಟ್‌ವರ್ಕ್ ಸೊರಗುವುದರಿಂದ. ಹಾಗಾಗಿ ಇಲ್ಲಿ ಅವಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಯಾವ ಚಿತ್ರ ಹೊಂದುತ್ತದೆ

ಫೋನು ಚಿತ್ರವನ್ನು ಗುರುತಿಸುವುದು ಅದರಲ್ಲಿರುವ ಮೂಲೆ, ತುದಿ, ಗೆರೆ ಕೂಡುವ ಬಿಂದುಗಳನ್ನು ಹಿಡಿದು. ಬಣ್ಣ ಅದಕ್ಕೆ ಲೆಕ್ಕಕ್ಕಿಲ್ಲ. ಎಲ್ಲವನ್ನೂ ಬೂದು ಛಾಯೆಗೆ ಇಳಿಸಿಕೊಂಡೇ ನೋಡುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಹೀಗಿರಲಿ: ಚಿತ್ರದ ಫೋಟೊ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ. ಕೆಂಪು ಸೀರೆ ಹಸಿರು ಹಿನ್ನೆಲೆಯಲ್ಲಿ ಕರಗಿಹೋದರೆ ಆ ಭಾಗ ಫೋನಿಗೆ ಕಾಣುವುದಿಲ್ಲ. ಎಲ್ಲಾ ಮೂಲೆಗಳಲ್ಲೂ ಚೂಪಾದ ವಿವರ ಉಳಿದಿದ್ದರೆ ಚಿತ್ರ ಕೆಲಸಕ್ಕೆ ಬರುತ್ತದೆ.

ಮೂರು ಬಗೆಯ ಚಿತ್ರಗಳು ತೊಂದರೆ ಕೊಡುತ್ತವೆ. ಮೊದಲನೆಯದು ಮೆದು ಜಲವರ್ಣ. ಕೆ. ವೆಂಕಟಪ್ಪನವರ ಊಟಿಯ ನಿಸರ್ಗಚಿತ್ರಗಳಂಥ ಮಂಜು ಮುಸುಕಿದ ಕೃತಿಗಳಲ್ಲಿ ಕಣ್ಣಿಗೆ ಬೇಕಾದಷ್ಟಿದ್ದರೂ ಯಂತ್ರಕ್ಕೆ ಹಿಡಿದುಕೊಳ್ಳಲು ಬಿಂದುಗಳು ಸಾಲುವುದಿಲ್ಲ.

ಎರಡನೆಯದು ಮಲೆನಾಡಿನ ಹಸೆ ಚಿತ್ತಾರದ ಬಗೆ. ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳು ಒಂದನ್ನೊಂದು ಕತ್ತರಿಸುವ ಈ ಚಿತ್ರದಲ್ಲಿ ಬಿಂದುಗಳಿಗೇನೂ ಬರವಿಲ್ಲ. ಆದರೆ ಅದೇ ತ್ರಿಕೋನ, ಅದೇ ಜಾಲರಿ ಮತ್ತೆ ಮತ್ತೆ ಬರುತ್ತದೆ. ತಾನು ನೋಡುತ್ತಿರುವುದು ಎಡಗಡೆಯ ತ್ರಿಕೋನವೋ ಬಲಗಡೆಯದೋ ಎಂದು ಫೋನಿಗೆ ತಿಳಿಯದೆ, ಮೇಲೆ ಮೂಡುವ ದೃಶ್ಯ ಒಂದು ಮನೆ ಪಕ್ಕಕ್ಕೆ ಜಿಗಿಯುತ್ತದೆ, ಕೆಲವೊಮ್ಮೆ ತಲೆಕೆಳಗಾಗುತ್ತದೆ.

ಮೂರನೆಯದು ಮೈಸೂರು ಶೈಲಿಯ ಚಿತ್ರ. ವಿವರ ಧಾರಾಳ, ಮುಖ-ಆಭರಣಗಳ ಗೆರೆಗಳು ಅತಿ ಚೂಪು. ಆದರೆ ಗೆಸ್ಸೊ (ಬಿಳಿ ಪುಡಿ, ಅಂಟು ಸೇರಿಸಿದ ಲೇಪ) ಉಬ್ಬಿನ ಮೇಲೆ ಅಂಟಿಸಿದ ಚಿನ್ನದ ರೇಕು ನೋಡುಗರು ಒಂದು ಹೆಜ್ಜೆ ಸರಿದರೂ ಬೇರೆ ಕಡೆ ಹೊಳೆಯುತ್ತದೆ, ಬಿಂದುಗಳ ಜಾಗವೇ ಬದಲಾಗುತ್ತದೆ.

ಈ ಮೂರಕ್ಕೂ ಒಂದೇ ಪರಿಹಾರ: ಚಿತ್ರವನ್ನೇ ಟಾರ್ಗೆಟ್ (ಫೋನು ಗುರುತು ಹಿಡಿಯುವ ಗುರಿ) ಮಾಡದೆ ಪಕ್ಕದಲ್ಲಿ 15 ಸೆಂ.ಮೀ. ಅಗಲದ ಮ್ಯಾಟ್ ಮುದ್ರಣದ ಕಾರ್ಡ್ ಹಾಕಿ. ಅದರಲ್ಲಿ ಎಡ-ಬಲ ಒಂದೇ ಥರ ಇರದ, ವಿವರ ತುಂಬಿದ ರೇಖಾಚಿತ್ರವಿರಲಿ. ಕಾರ್ಡಿನಿಂದ ಚಿತ್ರಕ್ಕೆ ಎಷ್ಟು ದೂರವೋ ಅಷ್ಟು ಸರಿಸಿ ದೃಶ್ಯವನ್ನು ಕೂರಿಸಬಹುದು. ಆಗ ಕಾರ್ಡನ್ನು ಗಟ್ಟಿಯಾಗಿ ಅಂಟಿಸಲೇಬೇಕು, ಅದು ವಾಲಿದರೆ ದೃಶ್ಯವೂ ವಾಲುತ್ತದೆ. ಕಾರ್ಡು ಕ್ಯಾಮೆರಾ ಚೌಕಟ್ಟಿನಿಂದ ಹೊರಗೆ ಹೋಗಲೂಬಾರದು. ಚಿತ್ರ ಮೂರಡಿಗಿಂತ ದೊಡ್ಡದಿದ್ದರೆ ಈ ಉಪಾಯ ಅಷ್ಟಾಗಿ ಒಗ್ಗುವುದಿಲ್ಲ.

ಮೇಲೆ ಏನನ್ನು ತೋರಿಸಬೇಕು

ಚಿತ್ರದಲ್ಲಿರುವ ನವಿಲು ರೆಕ್ಕೆ ಬಡಿದು ಹಾರುವ ಹಾಗೆ ಮಾಡುವುದು ಸುಲಭ. ಜನ ಒಮ್ಮೆ ನಕ್ಕು ಮುಂದಕ್ಕೆ ಹೋಗುತ್ತಾರೆ. ಬರಿಗಣ್ಣಿಗೆ ಕಾಣದ್ದನ್ನು ತೋರಿಸಿದರೆ ಮಾತ್ರ ಅವರು ಫೋನು ಕೆಳಗಿಳಿಸಿ ಚಿತ್ರವನ್ನು ಮತ್ತೆ ನೋಡುತ್ತಾರೆ, ಎಆರ್ ಸಾರ್ಥಕವಾಗುವುದು ಅಲ್ಲೇ. ಮೈಸೂರು ಶೈಲಿಯಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಸರಣಿ ಇದೆ: ಇದ್ದಿಲಿನ ರೂಪರೇಖೆ, ಹಿನ್ನೆಲೆಯ ಆಕಾಶ ಮತ್ತು ಕಟ್ಟಡ, ಗೆಸ್ಸೊ ಉಬ್ಬು, ಚಿನ್ನದ ರೇಕು, ಬಣ್ಣ, ಕೊನೆಗೆ ಮುಖದ ಕಣ್ಣು. ಒಂದೊಂದು ಹಂತಕ್ಕೆ ಎರಡು-ಮೂರು ಸೆಕೆಂಡ್ ಸಾಕು.

ಇದಕ್ಕಾಗಿ ಚಿತ್ರ ಬರೆಯುವಾಗಲೇ ಟ್ರೈಪಾಡ್ ಒಂದೇ ಜಾಗದಲ್ಲಿಟ್ಟು ಪ್ರತಿ ಹಂತದ ಫೋಟೊ ತೆಗೆದಿಡಿ. ಟ್ರೈಪಾಡ್ ತೆಗೆಯಬೇಕಾಗಿ ಬಂದರೆ ನೆಲದಲ್ಲಿ ಅದರ ಕಾಲುಗಳ ಗುರುತಿಗೆ ಟೇಪ್ ಅಂಟಿಸಿ. ಹಂತದ ಫೋಟೊಗಳು ಇಲ್ಲದಿದ್ದರೆ ಮುಗಿದ ಚಿತ್ರದ ಫೋಟೊ ಮೇಲೆ ಟ್ಯಾಬ್ಲೆಟ್‌ನಲ್ಲಿ ಗೆರೆಗಳನ್ನು ತೆಗೆದುಕೊಳ್ಳಬಹುದು, ಆದರೆ ಅದು ಮರುರಚನೆ ಎಂದು ಕ್ಯೂಆರ್ ತೆರೆಯುವ ವೆಬ್ ಪುಟದಲ್ಲಿ ಬರೆಯಿರಿ.

ಒಟ್ಟು ಉದ್ದ 15 ಸೆಕೆಂಡ್, ಹೆಚ್ಚೆಂದರೆ 20. ಅದಕ್ಕಿಂತ ಉದ್ದವಾದರೆ ಎತ್ತಿ ಹಿಡಿದ ಕೈ ಸೋತು ಕೆಳಗಿಳಿಯುತ್ತದೆ, ಚಿತ್ರ ಚೌಕಟ್ಟಿನಿಂದ ಜಾರುತ್ತದೆ, ದೃಶ್ಯ ಮಾಯವಾಗುತ್ತದೆ. ನೋಡುಗರು ಆಗ ಕೈಯನ್ನು ದೂರುವುದಿಲ್ಲ, ನಿಮ್ಮ ಎಆರ್ ಕೆಟ್ಟಿದೆ ಎನ್ನುತ್ತಾರೆ.

ಫೋಟೊದಿಂದ ಪುಟದವರೆಗೆ

ಇಲ್ಲಿ ಹೇಳಿರುವುದು ಮೈಂಡ್‌ಎಆರ್ ಎಂಬ ಉಚಿತ, ಮುಕ್ತ ಆಕರ ಲೈಬ್ರರಿಯ (ಪುಟದಲ್ಲಿ ಬಳಸಲು ಸಿದ್ಧವಿರುವ ಕೋಡಿನ ಕಟ್ಟು) ದಾರಿ. ಇದು ಆಂಡ್ರಾಯ್ಡ್ ಕ್ರೋಮ್‌ನಲ್ಲೂ ಐಫೋನ್ ಸಫಾರಿಯಲ್ಲೂ ನಡೆಯುತ್ತದೆ. ಕ್ಯಾಮೆರಾ ನೋಡಿದ್ದನ್ನೆಲ್ಲ ಫೋನಿನಲ್ಲೇ ಲೆಕ್ಕ ಹಾಕುವುದರಿಂದ ನೋಡುಗರ ದೃಶ್ಯ ಎಲ್ಲಿಗೂ ಹೋಗುವುದಿಲ್ಲ. ಇದನ್ನೂ ಪುಟದಲ್ಲಿ ಒಂದು ಸಾಲು ಬರೆದರೆ ಜನ ಧೈರ್ಯವಾಗಿ ಕ್ಯಾಮೆರಾ ಅನುಮತಿ ಕೊಡುತ್ತಾರೆ.

1. ಚಿತ್ರವನ್ನು ನೆರಳಿನಲ್ಲಿಟ್ಟು ಎದುರಿನಿಂದ ನೇರವಾಗಿ ಫೋಟೊ ತೆಗೆಯಿರಿ. ವೈಡ್ ಲೆನ್ಸ್ ಅಂಚುಗಳನ್ನು ಬಾಗಿಸುತ್ತದೆ, ಆದ್ದರಿಂದ ಎರಡು ಮೀಟರ್ ಹಿಂದೆ ನಿಂತು 2ಎಕ್ಸ್ ಝೂಮ್ ಬಳಸಿ. ಫ್ರೇಮ್ ಬಿಟ್ಟು ಚಿತ್ರದ ಅಂಚಿಗೆ ಸರಿಯಾಗಿ ಕತ್ತರಿಸಿ. ಉದ್ದದ ಬದಿ ಸುಮಾರು 1000 ಪಿಕ್ಸೆಲ್ ಇದ್ದರೆ ಸಾಕು.

2. ಮೈಂಡ್‌ಎಆರ್ ತಾಣದ ಕಂಪೈಲರ್ (ಫೋಟೊವನ್ನು ಟಾರ್ಗೆಟ್ ಫೈಲಾಗಿ ಬದಲಿಸುವ ಸಾಧನ) ಪುಟಕ್ಕೆ ಆ ಫೋಟೊ ಹಾಕಿ. ಅದು ಕಂಡುಕೊಂಡ ಬಿಂದುಗಳನ್ನು ಚಿತ್ರದ ಮೇಲೆ ತೋರಿಸುತ್ತದೆ. ಬಿಂದುಗಳು ಎಲ್ಲ ಕಡೆ ಹರಡಿರಬೇಕು. ಒಂದೇ ಮೂಲೆಯಲ್ಲಿ ಗುಂಪುಗೂಡಿದ್ದರೆ ದೃಶ್ಯ ನಡುಗುತ್ತದೆ, ಆಗ ಕಾರ್ಡಿನ ದಾರಿ ಹಿಡಿಯಿರಿ. ಸರಿಯಿದ್ದರೆ ಟಾರ್ಗೆಟ್ ಫೈಲನ್ನು ಇಳಿಸಿಕೊಳ್ಳಿ. ಹಲವು ಚಿತ್ರಗಳಿದ್ದರೆ ಹಾಕಿದ ಕ್ರಮದಲ್ಲೇ 0, 1, 2 ಎಂದು ಸಂಖ್ಯೆ ಬೀಳುತ್ತದೆ. ಮತ್ತೊಮ್ಮೆ ಕಂಪೈಲ್ ಮಾಡುವಾಗ ಕ್ರಮ ತಪ್ಪಿದರೆ ಒಂದರ ವಿಡಿಯೊ ಇನ್ನೊಂದರ ಮೇಲೆ ಕೂರುತ್ತದೆ.

3. ವಿಡಿಯೊವನ್ನು ಎಚ್.264 ಎಂಪಿ4 ಆಗಿ ಹೊರತೆಗೆಯಿರಿ. 60 × 45 ಸೆಂ.ಮೀ. ಚಿತ್ರಕ್ಕೆ 960 × 720 ಪಿಕ್ಸೆಲ್, ಬಿಟ್‌ರೇಟ್ ಸೆಕೆಂಡಿಗೆ 1.5 ಮೆಗಾಬಿಟ್. 15 ಸೆಕೆಂಡಿಗೆ ಇದು ಸುಮಾರು 3 ಎಂಬಿ ಆಗುತ್ತದೆ.

4. ಮೈಂಡ್‌ಎಆರ್ ಕೊಟ್ಟಿರುವ ಎ-ಫ್ರೇಮ್ (ವೆಬ್ ಪುಟದಲ್ಲಿ 3ಡಿ ದೃಶ್ಯ ಕಟ್ಟುವ ಲೈಬ್ರರಿ) ಮಾದರಿ ಪುಟವನ್ನು ತೆಗೆದುಕೊಂಡು ಟಾರ್ಗೆಟ್ ಫೈಲಿನ ಹೆಸರು, ವಿಡಿಯೊದ ಹೆಸರು, ವಿಡಿಯೊ ಕೂರುವ ಹಲಗೆಯ ಅಳತೆ ಬದಲಿಸಿ. ಟಾರ್ಗೆಟ್‌ನ ಅಗಲವನ್ನು ಯಾವಾಗಲೂ 1 ಎಂದು ಲೆಕ್ಕ ಹಿಡಿಯುತ್ತದೆ. ಎತ್ತರ 45 ಭಾಗಿಸು 60, ಅಂದರೆ 0.75. ಈ ಲೆಕ್ಕ ತಪ್ಪಿದರೆ ಅಥವಾ ಫೋಟೊದಲ್ಲಿ ಫ್ರೇಮ್ ಉಳಿದಿದ್ದರೆ ದೃಶ್ಯದ ಗೆರೆಗಳು ನಿಜವಾದ ಗೆರೆಗಳ ಮೇಲೆ ಕೂರದೆ ಎರಡೆರಡಾಗಿ ಕಾಣುತ್ತವೆ.

5. ಐಫೋನಿನಲ್ಲಿ ವಿಡಿಯೊ ತಾನಾಗಿ ಓಡಬೇಕಾದರೆ ಅದು ನಿಶ್ಶಬ್ದವಾಗಿರಬೇಕು, ಪುಟದೊಳಗೇ ಓಡುವಂತೆ ಗುರುತು ಮಾಡಿರಬೇಕು. ದನಿ ಬೇಕಿದ್ದರೆ ಮೊದಲಿಗೆ ‘ಕ್ಯಾಮೆರಾ ತೆರೆಯಿರಿ’ ಎಂಬ ಬಟನ್ ಇಡಿ; ಆ ಒಂದು ಒತ್ತುವಿಕೆಯಲ್ಲೇ ಕ್ಯಾಮೆರಾವನ್ನೂ ದನಿಯನ್ನೂ ಶುರು ಮಾಡಿಸಿ.

6. ಪುಟ ಎಚ್‌ಟಿಟಿಪಿಎಸ್ ವಿಳಾಸದಲ್ಲೇ ಇರಬೇಕು, ಇಲ್ಲವಾದರೆ ಬ್ರೌಸರ್ ಕ್ಯಾಮೆರಾ ಕೊಡುವುದಿಲ್ಲ. ಗಿಟ್‌ಹಬ್ ಪೇಜಸ್ ಎಂಬ ವೆಬ್ ಪುಟ ಇಡುವ ಸೇವೆ ಇದನ್ನು ಉಚಿತವಾಗಿ ಒದಗಿಸುತ್ತದೆ, ತಿಂಗಳಿಗೆ 100 ಜಿಬಿ ಎಂಬ ಮಿತಿಯೊಂದಿಗೆ. ಪುಟ 5 ಎಂಬಿ ಇದ್ದರೆ ಸುಮಾರು 20,000 ಭೇಟಿಗೆ ಅಷ್ಟು ಸಾಕು. ಅಲ್ಲಿ ಫೈಲಿನ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ನಿಮ್ಮ ಕಂಪ್ಯೂಟರಿನಲ್ಲಿ ಓಡಿದ ಪುಟ ಅಲ್ಲಿ ಖಾಲಿ ಕಂಡರೆ ಮೊದಲು ನೋಡಬೇಕಾದದ್ದು ಅದನ್ನೇ.

ದೃಶ್ಯ ನಡುಗುತ್ತಿದ್ದರೆ ಪುಟದ ಕೋಡಿನಲ್ಲಿ ಫಿಲ್ಟರ್-ಮಿನ್-ಸಿಎಫ್ (filterMinCF) ಮೌಲ್ಯವನ್ನು ಮೂಲದ 0.001ರಿಂದ 0.0001ಕ್ಕೆ ಇಳಿಸಿ. ಕೈ ಅಲುಗಿದಾಗ ದೃಶ್ಯ ತಡವಾಗಿ ಹಿಂಬಾಲಿಸಿದರೆ ಫಿಲ್ಟರ್-ಬೀಟಾವನ್ನು (filterBeta) 1000ದಿಂದ ಮೇಲಕ್ಕೆ ಏರಿಸಿ. ಒಂದನ್ನು ಸರಿಪಡಿಸಿದರೆ ಇನ್ನೊಂದು ಸ್ವಲ್ಪ ಕೆಡುತ್ತದೆ, ಆದ್ದರಿಂದ ನೋಡುಗರ ಕೈಯಲ್ಲಿ ಹೆಚ್ಚಾಗಿ ಇರುವಂಥ ಸಾಧಾರಣ ಬೆಲೆಯ ಫೋನಿನಲ್ಲೇ ಪರೀಕ್ಷಿಸಿ.

ಕನ್ನಡದಲ್ಲಿ ಕೆಲಸ ಮಾಡುವವರು ಗಮನಿಸಬೇಕಾದ ಒಂದು ಮಾತು: ಎ-ಫ್ರೇಮ್‌ನ ಅಕ್ಷರ ಹಾಕುವ ಸೌಲಭ್ಯ ಕನ್ನಡಕ್ಕೆ ಒದಗುವುದಿಲ್ಲ. ಅದರ ಮೂಲ ಫಾಂಟಿನಲ್ಲಿ ಕನ್ನಡವೇ ಇಲ್ಲ. ಬೇರೆ ಫಾಂಟ್ ಸೇರಿಸಿದರೂ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ. ಚಿತ್ರದ ಮೇಲೆ ತೇಲಬೇಕಾದ ಕನ್ನಡ ಸಾಲನ್ನು ನೋಟೊ ಸಾನ್ಸ್ ಕನ್ನಡದಂಥ ಫಾಂಟಿನಲ್ಲಿ ಜೋಡಿಸಿ, ಪಾರದರ್ಶಕ ಪಿಎನ್‌ಜಿ ಚಿತ್ರವಾಗಿ ಹಾಕಿ.

ಕ್ಯೂಆರ್ ಕೋಡ್

ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಬೇಕು: ಒಂದು ಮೀಟರಿಗೆ 10 ಸೆಂ.ಮೀ. ಸುತ್ತ ನಾಲ್ಕು ಚೌಕದಷ್ಟು ಬಿಳಿ ಅಂಚು ಬಿಡಿ.

ಬೆಂಗಳೂರಿನಲ್ಲಿ ಕ್ಯೂಆರ್ ಕಂಡ ಕೂಡಲೇ ಜನರ ಬೆರಳು ಪೇಮೆಂಟ್ ಆ್ಯಪ್ ಕಡೆಗೆ ಹೋಗುತ್ತದೆ. ಅದರಲ್ಲಿ ಸ್ಕ್ಯಾನ್ ಮಾಡಿದರೆ ನಿಮ್ಮ ಪುಟ ತೆರೆಯುವುದಿಲ್ಲ. ಮಾರಾಟದ ಯುಪಿಐ ಕೋಡ್ ಮೇಜಿನ ಮೇಲಿರಲಿ, ಎಆರ್ ಕೋಡ್ ಚಿತ್ರದ ಪಕ್ಕದಲ್ಲಿರಲಿ. ಕೋಡಿನ ಮೇಲೆ ದಪ್ಪಕ್ಷರದಲ್ಲಿ ‘ಇದು ಹಣಕ್ಕಲ್ಲ. ಫೋನಿನ ಕ್ಯಾಮೆರಾ ತೆರೆದು ಸ್ಕ್ಯಾನ್ ಮಾಡಿ’ ಎಂದು ಬರೆಯಿರಿ. ಇನ್‌ಸ್ಟಾಗ್ರಾಂನಲ್ಲಿ ಲಿಂಕ್ ಹಂಚಿದ್ದರೆ ಅದು ಆ ಆ್ಯಪ್‌ನ ಒಳಗೇ ತೆರೆದುಕೊಂಡು ಕ್ಯಾಮೆರಾ ಸಿಗದೆ ನಿಂತುಬಿಡಬಹುದು. ಮೇಲಿನ ಚುಕ್ಕಿಗಳನ್ನು ಒತ್ತಿ ಹೊರಗಿನ ಬ್ರೌಸರಿನಲ್ಲಿ ತೆರೆಯುವಂತೆ ಪುಟದಲ್ಲೇ ಸೂಚಿಸಿ.

ಜಾಗದಲ್ಲಿ

ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಂಥ ಬಯಲಿನ ಪ್ರದರ್ಶನವೇ ಎಆರ್‌ಗೆ ಅತಿ ಕಠಿಣ ಜಾಗ. ಮರದ ಎಲೆಗಳ ನಡುವಿನಿಂದ ಬೀಳುವ ಬಿಸಿಲಿನ ಚುಕ್ಕಿಗಳು ಚಿತ್ರದ ಮೇಲೆ ಇಲ್ಲದ ಅಂಚುಗಳನ್ನು ಹುಟ್ಟಿಸುತ್ತವೆ. ಅವು ಅಲುಗುವುದು ಬೇರೆ. ಬಿಳಿ ಬಟ್ಟೆಯ ಮೇಲ್ಚಾವಣಿ ಕಟ್ಟಿದರೆ ಬೆಳಕು ಸಮನಾಗುತ್ತದೆ. ಬಣ್ಣದ ಶಾಮಿಯಾನ ಚಿತ್ರದ ಬಣ್ಣವನ್ನೇ ಕೆಡಿಸುತ್ತದೆ, ಬೇಡ. ಬಿಸಿಲಿನಲ್ಲಿ ಕಾದ ಫೋನು ತಾನೇ ಪರದೆಯ ಬೆಳಕು ತಗ್ಗಿಸುತ್ತದೆ, ಹಾಗಾಗಿ ನೋಡುಗರು ನಿಲ್ಲುವ ಜಾಗಕ್ಕೂ ನೆರಳು ಬೇಕು.

ಅಷ್ಟು ಜನ ಸೇರಿದಾಗ ಮೊಬೈಲ್ ಡೇಟಾ ತೆವಳುತ್ತದೆ. ಇಡೀ ಪುಟ 5 ಎಂಬಿಯೊಳಗೆ ಇರಲಿ. ಜೊತೆಗೆ ಪುಟವನ್ನು ಮೊದಲೇ ತೆರೆದಿಟ್ಟ ಒಂದು ಟ್ಯಾಬ್ಲೆಟ್, ಒಂದು ಪವರ್ ಬ್ಯಾಂಕ್ ಮಳಿಗೆಯಲ್ಲಿರಲಿ. ಸ್ಕ್ಯಾನ್ ಮಾಡಲು ಹಿಂಜರಿಯುವ ಹಿರಿಯರಿಗೂ ಅದೇ ಆಸರೆ.

ಒಳಾಂಗಣದಲ್ಲಿ ಶತ್ರು ಗಾಜು. ಎದುರಿನ ಕಿಟಕಿಯೋ ಟ್ಯೂಬ್‌ಲೈಟೋ ಅದರಲ್ಲಿ ಪ್ರತಿಫಲಿಸಿದರೆ ಟ್ರ್ಯಾಕಿಂಗ್ ತಪ್ಪುತ್ತದೆ. ಗಾಜಿಲ್ಲದೆ ತೂಗಿ, ಆಗದಿದ್ದರೆ ದೀಪವನ್ನು ಮೇಲಿನಿಂದ ಓರೆಯಾಗಿ ಬೀಳಿಸಿ. ಅಗ್ಗದ ಎಲ್‌ಇಡಿ ದೀಪಗಳು ಕ್ಯಾಮೆರಾದಲ್ಲಿ ಅಡ್ಡಪಟ್ಟಿಗಳಾಗಿ ಮಿನುಗುತ್ತವೆ, ಹಿಂದಿನ ದಿನವೇ ಫೋನು ಹಿಡಿದು ನೋಡಿಕೊಳ್ಳಿ.

ನೋಡುಗರು ನಿಲ್ಲಬೇಕಾದ ದೂರ ಚಿತ್ರದ ಅಗಲದ ಎರಡು ಪಟ್ಟಿನೊಳಗೆ. 60 ಸೆಂ.ಮೀ. ಚಿತ್ರಕ್ಕೆ ಒಂದು ಮೀಟರ್ ದೂರದಲ್ಲಿ ನೆಲಕ್ಕೆ ಪಾದದ ಗುರುತು ಅಂಟಿಸಿದರೆ ವಿವರಿಸುವ ಶ್ರಮ ತಪ್ಪುತ್ತದೆ.

ಮನೆಯ ಗೋಡೆಯಲ್ಲಿ ತೂಗಿ ನೋಡಲು

ಕೊಳ್ಳುವವರು ‘ನಮ್ಮ ಹಾಲ್‌ಗೆ ಹೊಂದುತ್ತದಾ?’ ಎಂದು ಕೇಳುವುದು ಸಹಜ. ಇದಕ್ಕೆ ಗೂಗಲ್‌ನ ಮಾಡೆಲ್-ವ್ಯೂವರ್ (ವೆಬ್ ಪುಟದಲ್ಲಿ 3ಡಿ ಮಾದರಿ ತೋರಿಸುವ ಸಾಧನ) ಸಾಕು. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ 0.60 × 0.45 × 0.03 ಮೀಟರಿನ ಹಲಗೆ ಮಾಡಿ, ಮುಂದೆ ಚಿತ್ರ ಅಂಟಿಸಿ, ಜಿಎಲ್‌ಬಿ (3ಡಿ ಮಾದರಿಯ ಫೈಲು) ಆಗಿ ಉಳಿಸಿ. ಗೋಡೆಯ ಮೇಲೆ ಕೂರುವಂತೆ, ಬೆರಳಿನಿಂದ ಹಿಗ್ಗಿಸಲಾಗದಂತೆ ಹೊಂದಿಸಿ. ಅಳತೆ ನಿಜವಾಗಿರುವುದೇ ಇದರ ಉಪಯೋಗ. ಖಾಲಿ ಬಿಳಿ ಗೋಡೆಯನ್ನು ಫೋನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಗೋಡೆಯಲ್ಲಿ ಕ್ಯಾಲೆಂಡರ್ ಇದ್ದರೆ ಅಥವಾ ಒಂದು ದಿನಪತ್ರಿಕೆಯ ಹಾಳೆ ಅಂಟಿಸಿದರೆ ಕೂಡಲೇ ಹಿಡಿಯುತ್ತದೆ.

ಹಕ್ಕು ಮತ್ತು ಆಯುಷ್ಯ

ಚಿತ್ರ ಕೊಂಡವರಿಗೆ ಅದರ ಕಾಪಿರೈಟ್ ತಾನಾಗಿ ಬರುವುದಿಲ್ಲ. ಭಾರತದ ಕಾನೂನಿನಲ್ಲಿ ಅದು ಕಲಾವಿದರ ಜೀವಿತಾವಧಿ ಮತ್ತು ನಂತರದ 60 ವರ್ಷ ಉಳಿಯುತ್ತದೆ. ಬೇರೆಯವರ ಕೃತಿಗೆ ಎಆರ್ ಮಾಡುವ ಮುನ್ನ ಲಿಖಿತ ಒಪ್ಪಿಗೆ ಪಡೆಯಿರಿ.

ಮೆಟಾ ಕಂಪನಿಯ ಸ್ಪಾರ್ಕ್ ಎಂಬ ಎಆರ್ ತಯಾರಿಸುವ ವೇದಿಕೆ 2025ರ ಜನವರಿ 14ರಂದು ಮುಚ್ಚಿದಾಗ ಅದರಲ್ಲಿ ಹೊರಗಿನವರು ಮಾಡಿದ್ದ ಎಆರ್ ಕೆಲಸಗಳೆಲ್ಲ ಒಮ್ಮೆಗೇ ನಿಂತವು. ಆದ್ದರಿಂದ ಲೈಬ್ರರಿಯ ಫೈಲುಗಳನ್ನು ಬೇರೆ ಕಡೆಯಿಂದ ಎಳೆಯದೆ ನಿಮ್ಮ ಫೋಲ್ಡರಿನಲ್ಲೇ ಇಟ್ಟುಕೊಳ್ಳಿ. ಕ್ಯೂಆರ್‌ಗೆ ನಿಮ್ಮದೇ ಡೊಮೇನ್ ವಿಳಾಸ ಕೊಡಿ. ಬೇರೆ ಕಂಪನಿಯ ವಿಳಾಸದ ಮೂಲಕ ಹಾಯುವ, ಚಂದಾ ಮುಗಿದರೆ ಸಾಯುವ ಡೈನಾಮಿಕ್ ಕೋಡ್ ಕ್ಯಾಟಲಾಗ್‌ನಲ್ಲಿ ಅಚ್ಚಾದ ಮೇಲೆ ತಿದ್ದಲು ಬರುವುದಿಲ್ಲ. ಚಿತ್ರ ಮಾರಾಟವಾದರೆ ಟಾರ್ಗೆಟ್ ಫೈಲು, ಮೂಲ ಫೋಟೊ, ವಿಡಿಯೊ, ಪುಟ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ, ಚಿತ್ರದ ಹಿಂಬದಿಯಲ್ಲಿ ವಿಳಾಸ ಬರೆದು ಕೊಂಡವರಿಗೆ ಕೊಡಿ.